ಬೇರು ಕುಡಿದ ನೀರು, ಮೀನು ಬಾಳುವ ನೀರು



ಠಾಣಾ ಕುಶನೂರದಲ್ಲಿರಲಿ, ಔರಾದಿನಲ್ಲಿರಲಿ, ಭಾಲ್ಕಿಯಲ್ಲಿರಲಿ, ಬೀದರಿನ ಯಾವುದೇ ಓಣಿಯಲ್ಲಿರಲಿ, ಈಗ ಬಹಳ ಮನೆಗಳ ಕಿಟಕಿಯಲ್ಲಿ ಒಂದು ಗಾಜಿನ ಬಾಟಲಿ ಕಾಣುತ್ತದೆ. ಅದರ ತುಂಬ ನೀರು, ನೀರಿನೊಳಗೆ ಮನಿಪ್ಲಾಂಟಿನ ಬೇರು. ಕೆಲವು ಮನೆಗಳಲ್ಲಿ ಇನ್ನೊಂದು ಮೂಲೆಗೆ ದುಂಡನೆಯ ಗಾಜಿನ ಬಟ್ಟಲೂ ಇರುತ್ತದೆ. ಹೈದರಾಬಾದಿಗೆ ಹೋದಾಗ ಮಕ್ಕಳು ಹಟ ಹಿಡಿದು ತಂದ ಎರಡು ಕೆಂಪು ಮೀನು ಅದರಲ್ಲಿ ಸುತ್ತು ಹಾಕುತ್ತಿರುತ್ತವೆ. ಈ ಬಾಟಲಿಯ ಬೇರನ್ನೂ ಬಟ್ಟಲಿನ ಮೀನನ್ನೂ ಒಂದೇ ನೀರಿಗೆ ತರಬೇಕು, ಆ ನೀರಿಗೆ ತಕ್ಕಷ್ಟು ದೊಡ್ಡ ಪಾತ್ರೆ ಕೊಡಬೇಕು ಎಂದು ಕೇಳಿಕೊಳ್ಳಲು ಇವತ್ತು ನಿಮ್ಮ ಮುಂದೆ ಬಂದಿದ್ದೇನೆ.

ಬೇರೆ ಬೇರೆ ಇಟ್ಟಾಗ ಆಗುವುದೇನು ಎಂಬುದನ್ನು ಮೊದಲು ನೋಡೋಣ. ಬಾಟಲಿಯ ನೀರನ್ನು ವಾರಗಟ್ಟಲೆ ಬದಲಿಸದೆ ಬಿಟ್ಟರೆ ಅದರಲ್ಲಿ ಸೊಳ್ಳೆ ಮೊಟ್ಟೆ ಇಡುತ್ತದೆ. ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಹೊಲದ ಹಳ್ಳ, ಊರ ಗಟಾರಕ್ಕಿಂತ ಮನೆಯೊಳಗಿನ ಇಂಥ ತಿಳಿನೀರೇ ಪ್ರೀತಿ. ಮೊಟ್ಟೆ ಒಡೆದು ಸೊಳ್ಳೆಯಾಗಿ ಹಾರಲು ಬೆಚ್ಚನೆಯ ದಿನಗಳಲ್ಲಿ ಎಂಟು ಹತ್ತು ದಿನ ಸಾಕು. ಮೀನಿನ ಬಟ್ಟಲಿನ ಕಥೆ ಬೇರೆ. ಅಲ್ಲಿ ಮೀನು ತನ್ನದೇ ಹೊಲಸಿನಲ್ಲಿ ಉಸಿರಾಡುತ್ತ ದಿನ ನೂಕುತ್ತದೆ, ಒಂದು ಬೆಳಿಗ್ಗೆ ಮೇಲೆ ತೇಲುತ್ತದೆ. ಅದರ ಆಯುಷ್ಯವೇ ಅಷ್ಟು ಎಂದು ಮನೆಯವರು ಸಮಾಧಾನ ಮಾಡಿಕೊಳ್ಳುತ್ತಾರೆ. ಅದು ನಿಜವಲ್ಲ. ಇಂಗ್ಲೆಂಡಿನ ಯಾರ್ಕ್‌ಶೈರಿನ ಒಂದು ಮನೆಯಲ್ಲಿ 1956ರಲ್ಲಿ ಜಾತ್ರೆಯಿಂದ ತಂದ ಗೋಲ್ಡ್‌ಫಿಶ್ 1999ರವರೆಗೆ ಬದುಕಿತ್ತು. ಟಿಶ್ ಎಂಬ ಆ ಮೀನಿನ 43 ವರ್ಷದ ಆಯುಷ್ಯ ಗಿನ್ನೆಸ್ ದಾಖಲೆಗೆ ಸೇರಿದೆ. ಎಲ್ಲ ಮೀನೂ ಅಷ್ಟು ವರ್ಷ ಬಾಳಬೇಕೆಂದಿಲ್ಲ. ಆದರೆ ಹತ್ತು ವರ್ಷ ಬಾಳಬಲ್ಲ ಜೀವವನ್ನು ನಾವು ಎರಡು ತಿಂಗಳಲ್ಲಿ ಮುಗಿಸುತ್ತಿದ್ದೇವೆ ಎಂಬುದನ್ನು ಮನಸ್ಸಿಗೆ ತಂದುಕೊಳ್ಳಬೇಕು.

ಮೀನಿನ ಹೊಲಸು ಅಂದರೆ ಕಣ್ಣಿಗೆ ಕಾಣುವ ಹಿಕ್ಕೆಯಷ್ಟೇ ಅಲ್ಲ. ಮೀನು ತಿಂದ ಆಹಾರದಲ್ಲಿರುವ ಪ್ರೋಟೀನು ಅರಗಿದ ಮೇಲೆ ಅಮೋನಿಯ ಹುಟ್ಟುತ್ತದೆ. ಅದು ಬಹುಪಾಲು ಕಿವಿರಿನ ಮೂಲಕವೇ ನೀರಿಗೆ ಬರುತ್ತದೆ. ಅದಕ್ಕೆ ಬಣ್ಣವಿಲ್ಲ, ನೀರು ತಿಳಿಯಾಗಿಯೇ ಕಾಣುತ್ತದೆ, ಕಿವಿರು ಮಾತ್ರ ಸುಡುತ್ತಿರುತ್ತದೆ. ನೀರಿನಲ್ಲಿ, ಉಸುಕಿನ ಮೇಲೆ, ಕಲ್ಲಿನ ಮೇಲೆ ಬೆಳೆಯುವ ಕೆಲವು ಬ್ಯಾಕ್ಟೀರಿಯಾಗಳು ಈ ಅಮೋನಿಯವನ್ನು ನೈಟ್ರೈಟ್ ಮಾಡುತ್ತವೆ, ಬೇರೆ ಕೆಲವು ಆ ನೈಟ್ರೈಟನ್ನು ನೈಟ್ರೇಟ್ ಮಾಡುತ್ತವೆ. ನೈಟ್ರೈಟ್ ಕೂಡ ಮೀನಿಗೆ ವಿಷವೇ. ನೈಟ್ರೇಟ್ ಅಷ್ಟು ಕೆಟ್ಟದ್ದಲ್ಲ, ಅತಿಯಾದಾಗ ಮಾತ್ರ ತೊಂದರೆ. ಆದರೆ ಆ ನೈಟ್ರೇಟ್ ತಾನಾಗಿ ಎಲ್ಲಿಗೂ ಹೋಗುವುದಿಲ್ಲ. ನೀರು ಚೆಲ್ಲಬೇಕು, ಇಲ್ಲವೇ ಗಿಡ ಅದನ್ನು ಕುಡಿಯಬೇಕು. ಹೊಲಕ್ಕೆ ಯೂರಿಯಾ ಹಾಕುವ ರೈತರಿಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಿಲ್ಲ. ಗಿಡಕ್ಕೆ ಬೇಕಾದ ಸಾರಜನಕ ಇದೇ. ಅಮೋನಿಯ ರೂಪದಲ್ಲಿದ್ದರೂ ಬೇರು ಅದನ್ನು ಬಿಡುವುದಿಲ್ಲ.

ಇನ್ನು ನಮ್ಮ ಜಿಲ್ಲೆಗೆ ಬರೋಣ. ನಾನು ಹೇಳಬೇಕೆಂದಿರುವ ಮುಖ್ಯ ಮಾತು ಇಲ್ಲಿದೆ.

ಬೀದರ ನಗರ ಕುಳಿತಿರುವುದು ಕೆಂಪು ಜಂಬಿಟ್ಟಿಗೆಯ ದಿಣ್ಣೆಯ ಮೇಲೆ. ಮಳೆಯ ನೀರು ಆ ಕಲ್ಲಿನ ರಂಧ್ರಗಳಲ್ಲಿ ಇಳಿದು, ಬುಡದಲ್ಲಿ ಝರಿಯಾಗಿ ಹೊರಗೆ ಬರುತ್ತದೆ. ನರಸಿಂಹ ಝರಣಿ, ಗುರುನಾನಕ್ ಝೀರಾ, ಬಹಮನಿ ಕಾಲದಲ್ಲಿ ತೋಡಿದ ನೌಬಾದಿನ ಸುರಂಗ ಬಾವಿ, ಇವೆಲ್ಲ ಆ ಕಲ್ಲಿನ ಕೊಡುಗೆ. ಅಂಥ ನೀರು ಸಾಮಾನ್ಯವಾಗಿ ಮೆದು. ದಿಣ್ಣೆ ಇಳಿದು ಔರಾದ, ಕಮಲನಗರ, ಠಾಣಾ ಕುಶನೂರದ ಕಡೆಗೆ, ಭಾಲ್ಕಿಯ ಕಡೆಗೆ ಬಂದರೆ ಎರೆಭೂಮಿ, ಅದರ ಕೆಳಗೆ ಕಪ್ಪು ಬಸಾಲ್ಟ್ ಬಂಡೆ. ಈ ಬಂಡೆಯ ಬಿರುಕುಗಳಿಂದ ಬೋರು ಎತ್ತುವ ನೀರಿನಲ್ಲಿ ಸುಣ್ಣ ಮತ್ತು ಮೆಗ್ನೀಸಿಯಂ ಕರಗಿರುತ್ತವೆ. ಸಾಬೂನು ಬೇಗ ನೊರೆ ಕೊಡದ, ತೊಗರಿ ಬೇಳೆ ತಡವಾಗಿ ಬೇಯುವ, ಬಿಸಿನೀರಿನ ಹಂಡೆಯ ಒಳಗೆ ಬಿಳಿ ಪೊರೆ ಕಟ್ಟುವ ನೀರು ಇದು. ಗಡಸು ನೀರು, ಜೊತೆಗೆ ಸ್ವಲ್ಪ ಕ್ಷಾರದ ಗುಣ.

ಅಮೋನಿಯ ಎಲ್ಲ ನೀರಿನಲ್ಲೂ ಒಂದೇ ರೀತಿ ವಿಷವಾಗುವುದಿಲ್ಲ. ಕ್ಷಾರ ಕಡಿಮೆಯಿರುವ ನೀರಿನಲ್ಲಿ ಅದರ ಬಹುಪಾಲು ಅಮೋನಿಯಂ ಎಂಬ ರೂಪದಲ್ಲಿ ಇರುತ್ತದೆ, ಅದು ಮೀನಿಗೆ ಅಷ್ಟು ಹಾನಿ ಮಾಡದು. ನೀರಿನ ಕ್ಷಾರಗುಣ ತೋರಿಸುವ ಪಿಎಚ್ 7ರಿಂದ 8ಕ್ಕೆ ಏರಿತೆಂದರೆ ನಿಜವಾದ ವಿಷದ ಪಾಲು ಸುಮಾರು ಹತ್ತು ಪಟ್ಟು ಹೆಚ್ಚುತ್ತದೆ. ನೀರು ಬಿಸಿಯಾದರೆ ಇನ್ನೂ ಹೆಚ್ಚು. ನಮ್ಮಲ್ಲಿ ಮೇ ತಿಂಗಳ ಬಿಸಿಲು 40 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಅದೇ ಹೊತ್ತಿಗೆ ನೀರಿನಲ್ಲಿ ಕರಗಿದ ಆಮ್ಲಜನಕವೂ ಇಳಿಯುತ್ತದೆ. 20 ಡಿಗ್ರಿಯ ಒಂದು ಲೀಟರ್ ನೀರು ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಳ್ಳಬಲ್ಲದು, 30 ಡಿಗ್ರಿಯಲ್ಲಿ ಏಳೂವರೆ ಮಿಲಿಗ್ರಾಂ ಮಾತ್ರ. ಹೀಗೆ ನಮ್ಮ ಬೇಸಿಗೆಯಲ್ಲಿ ವಿಷ ಏರುತ್ತದೆ, ಉಸಿರು ಇಳಿಯುತ್ತದೆ. ಬೆಂಗಳೂರಿನ ಒಂದು ತಂಪು ಮನೆಯಲ್ಲಿ ಹೇಗೋ ಬದುಕುವ ಮೀನು ಔರಾದಿನಲ್ಲಿ ಸಾಯುವುದಕ್ಕೆ ಕಾರಣ ಇದು. ಬೇರೆ ಊರಲ್ಲಿ ಮೀನಿನ ತೊಟ್ಟಿಗೆ ಗಿಡ ಇಡುವುದು ಅಲಂಕಾರಕ್ಕೆ ಇರಬಹುದು. ನಮ್ಮ ಸೀಮೆಯ ನೀರಿಗೆ, ನಮ್ಮ ಸೀಮೆಯ ಬಿಸಿಲಿಗೆ, ಬೇರು ಬೇಕೇ ಬೇಕು.

ಗಡಸು ನೀರನ್ನು ಬೈಯಬೇಕಾಗಿಯೂ ಇಲ್ಲ. ಹೊಲಸು ಕರಗಿಸುವ ಬ್ಯಾಕ್ಟೀರಿಯಾಗಳು ಕೆಲಸ ಮಾಡುತ್ತ ಹೋದಂತೆ ನೀರು ಹುಳಿಯ ಕಡೆಗೆ ಜಾರುತ್ತದೆ. ಸುಣ್ಣವಿರುವ ನೀರು ಆ ಜಾರುವಿಕೆಯನ್ನು ತಡೆದು ಹಿಡಿಯುತ್ತದೆ. ಅಲ್ಲದೆ ಗಡಸು ನೀರನ್ನೇ ಮೆಚ್ಚುವ ಮೀನುಗಳಿವೆ. ಗಪ್ಪಿ, ಮೋಲಿ, ಪ್ಲಾಟಿ, ಇವು ಮೊಟ್ಟೆ ಇಡದೆ ಮರಿ ಹಾಕುವ ಮೀನುಗಳು. ಇವಕ್ಕೆ ನಮ್ಮ ಬೋರಿನ ನೀರು ಹಿತ. ಗೋಲ್ಡ್‌ಫಿಶ್ ಕೂಡ ಹೊಂದಿಕೊಳ್ಳುತ್ತದೆ. ಅಂಗಡಿಯಲ್ಲಿ ಕಣ್ಣು ಸೆಳೆಯುವ ನಿಯಾನ್ ಟೆಟ್ರಾ, ಡಿಸ್ಕಸ್ ಮೀನುಗಳು ಅಮೆಜಾನ್ ಕಾಡಿನ ಮೆದು ನೀರಿನವು. ಅವನ್ನು ತಂದು ಔರಾದಿನ ಬೋರಿನ ನೀರಿಗೆ ಬಿಡುವುದು ಬೇಡ. ಮೊದಲ ಸಲ ಮೀನು ಸಾಕುವವರಿಗೆ ನನ್ನ ಆಯ್ಕೆ ಗಪ್ಪಿ. ದಕ್ಷಿಣ ಅಮೆರಿಕದ ಈ ಸಣ್ಣ ಮೀನು ನೂರು ವರ್ಷಕ್ಕೂ ಹಿಂದೆ ಭಾರತಕ್ಕೆ ಬಂತು. ಸೊಳ್ಳೆಯ ಮರಿಹುಳ ತಿನ್ನುವ ಮೀನೆಂದು ಆರೋಗ್ಯ ಇಲಾಖೆಯವರು ಗಪ್ಪಿ ಮತ್ತು ಗಂಬೂಸಿಯಾ ಮೀನುಗಳನ್ನು ಬಾವಿ, ತೊಟ್ಟಿಗಳಿಗೆ ಬಿಡುತ್ತಾರೆ. ಕೋಲಾರ ಜಿಲ್ಲೆಯ ಹಳ್ಳಿಗಳಲ್ಲಿ ಮಲೇರಿಯಾ ತಡೆಗೆ ಈ ಮೀನುಗಳನ್ನು ಬಳಸಿದ್ದು ವೈದ್ಯಕೀಯ ಸಂಶೋಧನೆಯಲ್ಲಿ ದಾಖಲಾಗಿದೆ. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಗಪ್ಪಿಗಾಗಿ ಒಮ್ಮೆ ವಿಚಾರಿಸಿ. ಗಂಬೂಸಿಯಾ ಮಾತ್ರ ಮನೆಯ ತೊಟ್ಟಿಗೆ ಬೇಡ, ಅದು ಜೊತೆಯ ಮೀನುಗಳ ರೆಕ್ಕೆ ಕಚ್ಚುವ ಜಾತಿ.

ಪಾತ್ರೆಯ ಮಾತಿಗೆ ಬರುತ್ತೇನೆ. ದುಂಡು ಬಟ್ಟಲನ್ನು ದಯವಿಟ್ಟು ಬಿಟ್ಟುಬಿಡಿ. ನೀರು ಕಡಿಮೆ, ಬಾಯಿ ಕಿರಿದು, ಗಾಳಿ ಸೇರುವ ಜಾಗವಿಲ್ಲ. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ಗಾಜಿನ ತೊಟ್ಟಿ ಸುಮಾರು 56 ಲೀಟರ್ ನೀರು ಹಿಡಿಯುತ್ತದೆ. ಹತ್ತು ಗಪ್ಪಿಗಳಿಗೆ ಇದು ಧಾರಾಳ. ಗೋಲ್ಡ್‌ಫಿಶ್ ಆದರೆ ಮರಿಯಾಗಿದ್ದಾಗ ಎರಡು ಇರಬಹುದು, ಗೇಣುದ್ದ ಬೆಳೆಯುವ ಮೀನು ಅದು, ಮುಂದೆ ದೊಡ್ಡ ತೊಟ್ಟಿ ಬೇಕಾಗುತ್ತದೆ. ನೀರಿನ ತೂಕವೇ 56 ಕಿಲೋ, ಮೇಲೆ ಗಾಜು, ಉಸುಕು, ಕಲ್ಲು. ಗೋಡೆಗೆ ಹೊಡೆದ ಹಲಗೆಯ ಮೇಲೆ ಇಡಬೇಡಿ, ಶಹಾಬಾದ ಕಲ್ಲಿನ ಕಟ್ಟೆಯಂಥದು ಒಳ್ಳೆಯದು.

ಗಾಜೇ ಆಗಬೇಕೆಂದೂ ಇಲ್ಲ. ಹಳೆಯ ಮನೆಗಳಲ್ಲಿ ಈಗ ಮೂಲೆ ಸೇರಿರುವ ದೊಡ್ಡ ಮಣ್ಣಿನ ಹರವಿ, ರಂಜಣಗಿ ಇದ್ದರೆ ಅದು ಗಾಜಿಗಿಂತ ಒಂದು ಕೈ ಮೇಲು. ಬಾಯಿ ಅಗಲವಾಗಿರಬೇಕು ಅಷ್ಟೆ. ಸುಟ್ಟ ಮಣ್ಣಿನ ಮೈಯಿಂದ ನೀರು ಜಿನುಗಿ ಆರುತ್ತ ಒಳಗಿನ ನೀರನ್ನು ತಂಪಾಗಿ ಇಡುತ್ತದೆ, ನಮ್ಮ ಒಣ ಬೇಸಿಗೆಯಲ್ಲಿ ಈ ತಂಪು ಚೆನ್ನಾಗಿ ಕೆಲಸ ಮಾಡುತ್ತದೆ. ದಿನಕ್ಕೊಂದಿಷ್ಟು ನೀರು ತುಂಬಬೇಕಾಗುತ್ತದೆ. ಅಂಗಳದ ಸಿಮೆಂಟಿನ ಹೌದ ಇದ್ದರೆ ಅದೂ ಆದೀತು. ಹೊಸ ಸಿಮೆಂಟಾದರೆ ಸುಣ್ಣ ಬಿಡುತ್ತದೆ, ಹಲವು ಸಲ ನೀರು ತುಂಬಿ ಚೆಲ್ಲಿ, ಎರಡು ಮೂರು ವಾರ ಕಳೆದ ಮೇಲೆಯೇ ಮೀನು ಬಿಡಬೇಕು. ಪಾತ್ರೆ ಯಾವುದೇ ಇರಲಿ, ತಗಡಿನ ಶೀಟಿನ ಕೆಳಗೆ, ಪಡುವಣ ಬಿಸಿಲು ಬೀಳುವ ಕಿಟಕಿಯಲ್ಲಿ ಬೇಡ. ಪಡಸಾಲೆಯ ನೆರಳು, ಕೈಯಲ್ಲಿ ಹಿಡಿದ ಪತ್ರಿಕೆ ಓದಲು ಬರುವಷ್ಟು ಬೆಳಕು, ಇಷ್ಟು ಮನಿಪ್ಲಾಂಟಿಗೆ ಸಾಕು.

ಇತ್ತೀಚೆಗೆ ಇನ್ನೊಂದು ವಸ್ತು ಉಡುಗೊರೆಯಾಗಿ ಕೈ ಬದಲಿಸುತ್ತಿದೆ. ಹೂದಾನಿಯಂಥ ಗಾಜಿನ ಪಾತ್ರೆ, ಬಾಯಿಗೆ ಪೀಸ್ ಲಿಲಿ ಗಿಡ, ಕೆಳಗೆ ಬೇರಿನ ನಡುವೆ ಒಂಟಿ ಫೈಟರ್ ಮೀನು. ಮೀನು ಬೇರು ತಿಂದು ಬದುಕುತ್ತದೆ, ಬೇರೇನೂ ಹಾಕಬೇಕಿಲ್ಲ ಎಂದು ಹೇಳಿ ಮಾರುತ್ತಾರೆ. ಇದು ಸುಳ್ಳು. ಫೈಟರ್ ಹುಳ ಹಿಡಿದು ತಿನ್ನುವ ಮೀನು, ಬೇರು ಅದರ ಆಹಾರವಲ್ಲ. ಅದು ಹಸಿವಿನಿಂದ ಸಾಯುತ್ತದೆ, ನಿಧಾನವಾಗಿ. ಇನ್ನೂ ಒಂದು ಮಾತು. ಫೈಟರ್ ಮೀನಿನ ತಲೆಯೊಳಗೆ ಗಾಳಿ ಹೀರುವ ಒಂದು ಅಂಗವಿದೆ, ಅದು ಆಗಾಗ ಮೇಲೆ ಬಂದು ಗಾಳಿ ನುಂಗಲೇಬೇಕು. ಗಿಡದ ಬುಡವೇ ಪಾತ್ರೆಯ ಬಾಯಿಯನ್ನು ಮುಚ್ಚಿದರೆ ಆ ದಾರಿಯೂ ಕಟ್ಟುತ್ತದೆ. ಥಾಯ್ಲೆಂಡ್ ದೇಶ 2019ರಲ್ಲಿ ತನ್ನ ರಾಷ್ಟ್ರೀಯ ಜಲಚರ ಎಂದು ಘೋಷಿಸಿದ ಮೀನು ಇದು, ಬೆಚ್ಚನೆಯ ಗದ್ದೆ, ಜೌಗುಗಳಲ್ಲಿ ಬೆಳೆದದ್ದು, 24 ಡಿಗ್ರಿಗಿಂತ ಕೆಳಗೆ ನೀರು ಇಳಿದರೆ ಮಂಕಾಗುತ್ತದೆ. ಬೀದರಿನ ಚಳಿ ನಿಮಗೆ ಗೊತ್ತು. ಡಿಸೆಂಬರ್, ಜನವರಿಯಲ್ಲಿ ರಾಜ್ಯದಲ್ಲೇ ಅತಿ ಕಡಿಮೆ ಉಷ್ಣತೆ ಬೀದರಿನಲ್ಲಿ ಎಂಬ ಸುದ್ದಿ ಆಗಾಗ ಕೇಳುತ್ತೇವೆ. ಎರಡು ಲೀಟರಿನ ಹೂದಾನಿ ಒಂದೇ ರಾತ್ರಿಯಲ್ಲಿ ಕೊರೆಯುವಷ್ಟು ತಣ್ಣಗಾಗುತ್ತದೆ. 56 ಲೀಟರ್ ನೀರು ಹಾಗೆ ಏಕಾಏಕಿ ತಣಿಯದು. ಫೈಟರ್ ಸಾಕುವ ಆಸೆಯಿದ್ದರೆ ಸಾಕಿ, ದೊಡ್ಡ ತೊಟ್ಟಿಯಲ್ಲಿ, ಚಳಿಗಾಲಕ್ಕೆ ಹೀಟರ್ ಇಟ್ಟು, ಒಂದು ತೊಟ್ಟಿಗೆ ಒಂದೇ ಗಂಡು ಮೀನು, ನೀರಿನ ಮೇಲ್ಮೈ ಅರ್ಧಕ್ಕಿಂತ ಹೆಚ್ಚು ತೆರೆದಿರುವಂತೆ.

ಗಾಜು, ಮೀನು, ಗಿಡ ಇವುಗಳ ಹೊಂದಾಣಿಕೆ ಹೊಸ ಯೋಚನೆಯೇನಲ್ಲ. ಲಂಡನ್ನಿನಲ್ಲಿ ರಾಬರ್ಟ್ ವಾರಿಂಗ್ಟನ್ ಎಂಬ ರಸಾಯನಶಾಸ್ತ್ರಜ್ಞ 1849ರಲ್ಲಿ ಸುಮಾರು 12 ಗ್ಯಾಲನ್ ಹಿಡಿಯುವ ಗಾಜಿನ ಪಾತ್ರೆಯಲ್ಲಿ ಎರಡು ಗೋಲ್ಡ್‌ಫಿಶ್, ಒಂದು ವ್ಯಾಲಿಸ್ನೇರಿಯಾ ಎಂಬ ನೀರುಗಿಡ ಇಟ್ಟ. ಆತನ ಪಾತ್ರೆಯೂ ನಮ್ಮ ಎರಡಡಿ ತೊಟ್ಟಿಯ ಅಳತೆಯದೇ. ಸ್ವಲ್ಪ ದಿನದಲ್ಲಿ ಗಿಡದ ಹಳೆಯ ಎಲೆ ಕೊಳೆತು ನೀರು ಕೆಡತೊಡಗಿತು. ಕೊಳೆತ ಎಲೆ ತಿನ್ನುವ ಬಸವನಹುಳುಗಳನ್ನು ತಂದು ಬಿಟ್ಟ, ನೀರು ತಿಳಿಯಾಯಿತು. ಮರುವರ್ಷ ಇದನ್ನು ರಸಾಯನಶಾಸ್ತ್ರ ಸಂಘದ ಪತ್ರಿಕೆಯಲ್ಲಿ ವರದಿ ಮಾಡಿದ. ಮನೆಯ ಅಕ್ವೇರಿಯಂ ಎಂಬುದರ ವಿಜ್ಞಾನ ಗಟ್ಟಿಯಾದದ್ದು ಅಂಥ ಪ್ರಯೋಗಗಳಿಂದ.

ಅದಕ್ಕೂ ಏಳು ನೂರು ವರ್ಷ ಹಿಂದೆ, ನಮ್ಮದೇ ಜಿಲ್ಲೆಯ ಕಲ್ಯಾಣದಲ್ಲಿ, ಇಂದಿನ ಬಸವಕಲ್ಯಾಣದಲ್ಲಿ, ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಸಂಸ್ಕೃತದಲ್ಲಿ ಮಾನಸೋಲ್ಲಾಸ ಎಂಬ ದೊಡ್ಡ ಗ್ರಂಥ ಬರೆಸಿದ್ದ. ಅದರಲ್ಲಿ ಮತ್ಸ್ಯವಿನೋದ ಎಂಬ ಒಂದು ಭಾಗವೇ ಇದೆ. ಯಾವ ಮೀನು ಸಮುದ್ರದ್ದು, ಯಾವುದು ಹೊಳೆಯದು, ಯಾವುದರ ಮೈ ಹೇಗೆ, ಯಾವುದಕ್ಕೆ ಏನು ಆಹಾರ ಕೊಡಬೇಕು ಎಂದು ಒಂದೊಂದಾಗಿ ಹೇಳುತ್ತದೆ. ಅದು ಗಾಳ ಹಾಕುವ ರಾಜವಿನೋದದ ವಿಚಾರ, ಮನೆಯ ತೊಟ್ಟಿಯದಲ್ಲ. ಆದರೂ ಕಡಲು ಕಾಣದ ಈ ಸೀಮೆಯಲ್ಲಿ ಕುಳಿತು ಮೀನನ್ನು ಅಷ್ಟು ಹತ್ತಿರದಿಂದ ನೋಡಿದವರಿದ್ದರು ಎಂಬುದು ನನಗೆ ಬಹಳ ಸಂತೋಷ ಕೊಡುವ ಸಂಗತಿ. ಭಾರತೀಯ ಪ್ರಾಣಿ ಸರ್ವೇಕ್ಷಣಾ ಸಂಸ್ಥೆಯ ನಿರ್ದೇಶಕರಾಗಿದ್ದ ಸುಂದರ್ ಲಾಲ್ ಹೋರಾ ಅವರು 1951ರಲ್ಲಿ ಈ ಭಾಗವನ್ನು ಮೀನು ವಿಜ್ಞಾನದ ಕಣ್ಣಿನಿಂದ ಓದಿ ಲೇಖನ ಬರೆದರು.

ಈಗ ಕೈಕೆಲಸ. ತೊಟ್ಟಿ ತಂದ ದಿನವೇ ಮೀನು ತರಬೇಡಿ. ತೊಳೆದ ಉಸುಕು ಅಥವಾ ಸಣ್ಣ ಕಲ್ಲು ಒಂದು ಬೆರಳು ದಪ್ಪ ಹರಡಿ, ನೀರು ತುಂಬಿ. ನಳದ ನೀರಾದರೆ ಬ್ಲೀಚಿಂಗ್ ಪುಡಿಯ ಅಂಶ ಇರುತ್ತದೆ, ಬಕೆಟಿನಲ್ಲಿ ಬಾಯಿ ತೆರೆದು ಒಂದು ಹಗಲು ಒಂದು ರಾತ್ರಿ ಇಟ್ಟು ಹಾಕಿ. ಬೋರಿನ ನೀರನ್ನೂ ಹಾಗೆಯೇ ಇಟ್ಟು, ಎತ್ತರದಿಂದ ಸುರಿದು ಗಾಳಿ ಸೇರಿಸಿ, ಆಳದ ನೀರಿನಲ್ಲಿ ಆಮ್ಲಜನಕ ಕಡಿಮೆ. ನಂತರ ಗಿಡ ಇಡಿ. ಹೊಲಸು ಕರಗಿಸುವ ಬ್ಯಾಕ್ಟೀರಿಯಾ ತಾವಾಗಿ ಬೆಳೆದು ನೆಲೆಯಾಗಲು ನಾಲ್ಕರಿಂದ ಆರು ವಾರ ಬೇಕು. ಈಗಾಗಲೇ ಮೀನು ಸಾಕಿರುವ ಗೆಳೆಯರ ತೊಟ್ಟಿಯಿಂದ ಒಂದು ಹಿಡಿ ಉಸುಕು ತಂದು ಹಾಕಿದರೆ, ಹಾಲಿಗೆ ಹೆಪ್ಪು ಹಾಕಿದಂತೆ, ಕೆಲಸ ಬೇಗ ಸಾಗುತ್ತದೆ. ಆ ಮೇಲೆ ಮೊದಲು ಎರಡೋ ಮೂರೋ ಗಪ್ಪಿ. ಎರಡು ವಾರ ಬಿಟ್ಟು ಇನ್ನಷ್ಟು. ಇಡೀ ಕೆಲಸದಲ್ಲಿ ಅತಿ ಕಷ್ಟದ್ದು ಈ ಕಾಯುವುದೇ, ವಿಶೇಷವಾಗಿ ಮನೆಯಲ್ಲಿ ಮಕ್ಕಳಿದ್ದರೆ. ಆದರೆ ಮೀನು ಸಾಯುವುದು ಬಹುಪಾಲು ಈ ಮೊದಲ ತಿಂಗಳಲ್ಲೇ.

ಗಿಡಗಳಲ್ಲಿ ಮನಿಪ್ಲಾಂಟ್ ಎಲ್ಲಕ್ಕಿಂತ ಸುಲಭ. ಗೆಣ್ಣು ಇರುವಂತೆ ಕತ್ತರಿಸಿ, ಬೇರೆ ಬಾಟಲಿಯಲ್ಲಿ ಎರಡು ಮೂರು ವಾರ ಇಟ್ಟು ಬೇರು ಬಂದ ಮೇಲೆ ತೊಟ್ಟಿಯ ಅಂಚಿಗೆ ಸಿಕ್ಕಿಸಿ. ಆ ಬಾಟಲಿಯ ನೀರನ್ನು ವಾರಕ್ಕೊಮ್ಮೆ ಚೆಲ್ಲಿ, ಒಳಗೋಡೆ ತಿಕ್ಕಿ ತೊಳೆಯಬೇಕು, ಈಡಿಸ್ ಮೊಟ್ಟೆ ಗಾಜಿಗೆ ಅಂಟಿರುತ್ತದೆ. ತೊಟ್ಟಿಗೆ ಬಂದ ಮೇಲೆ ಬೇರು ಮಾತ್ರ ನೀರಿನಲ್ಲಿ, ಎಲೆ ಎಲ್ಲ ಹೊರಗೆ. ಎಲೆ ಮುಳುಗಿದರೆ ಕೊಳೆಯುತ್ತದೆ, ಕೊಳೆತದ್ದು ಇದ್ದ ಆಮ್ಲಜನಕವನ್ನೂ ತಿಂದುಹಾಕುತ್ತದೆ. ವಾರಿಂಗ್ಟನ್ನನಿಗೆ ಬಂದ ತೊಡಕು ಅದೇ. ಸಿಂಗೋನಿಯಂ, ಸ್ಪೈಡರ್ ಪ್ಲಾಂಟ್, ಲಕ್ಕಿ ಬಾಂಬೂ, ಪೀಸ್ ಲಿಲಿ, ಇವೆಲ್ಲ ನೀರಿಗೆ ಒಗ್ಗುತ್ತವೆ. ಕಿಟಕಿಯ ಹತ್ತಿರ ಪುದೀನಾ ಕಡ್ಡಿ ಕೂಡ ನೀರಿನಲ್ಲೇ ಚಿಗುರುತ್ತದೆ. ನರ್ಸರಿಯಿಂದ ಮಣ್ಣಿನ ಕುಂಡದಲ್ಲಿ ತಂದ ಗಿಡವಾದರೆ ಬೇರಿನ ಮಣ್ಣನ್ನು ಪೂರಾ ತೊಳೆದು, ಕೆಲವು ವಾರ ಬೇರೆ ನೀರಿನಲ್ಲಿಟ್ಟು, ಆ ನೀರನ್ನು ಹಲವು ಸಲ ಚೆಲ್ಲಿ ಆಮೇಲೆ ಮೀನಿನ ಹತ್ತಿರ ತನ್ನಿ. ಅಲ್ಲಿ ಗಿಡಕ್ಕೆ ಏನು ಸಿಂಪಡಿಸಿದ್ದರೋ ನಮಗೆ ತಿಳಿಯದು. ಮನಿಪ್ಲಾಂಟ್, ಸಿಂಗೋನಿಯಂ, ಪೀಸ್ ಲಿಲಿಗಳ ಎಲೆಯಲ್ಲಿ ಬಾಯಿ ಉರಿಸುವ ಆಕ್ಸಲೇಟ್ ಹರಳುಗಳಿವೆ, ಅಂಬೆಗಾಲಿಡುವ ಕೂಸಿಗೆ ಎಟುಕದಂತೆ ನೋಡಿಕೊಳ್ಳಿ.

ಕೆಲವು ತಿಂಗಳಾದ ಮೇಲೆ ಹೊಸ ಎಲೆ ಹಳದಿಯಾಗಿ, ನರ ಮಾತ್ರ ಹಸಿರಾಗಿ ಉಳಿದರೆ ಅದು ಕಬ್ಬಿಣದ ಕೊರತೆ. ಸುಣ್ಣದ ನೀರಿನಲ್ಲಿ ಕಬ್ಬಿಣ ಬೇರಿಗೆ ಸಿಗುವುದಿಲ್ಲ. ಎರೆಹೊಲದಲ್ಲಿ ಸೋಯಾ ಹಳದಿಯಾದದ್ದನ್ನು ನೋಡಿದ ರೈತರಿಗೆ ಇದು ಪರಿಚಯದ ಲಕ್ಷಣವೇ. ಗೊಬ್ಬರ ಕರಗಿಸಿ ತೊಟ್ಟಿಗೆ ಹಾಕಬೇಡಿ. ಮಳೆಗಾಲದಲ್ಲಿ ಮಾಳಿಗೆಯ ಮೊದಲ ಮಳೆ ತೊಳೆದುಹೋದ ಮೇಲೆ ಹಿಡಿದ ನೀರನ್ನು ಬೋರಿನ ನೀರಿಗೆ ಸ್ವಲ್ಪ ಸ್ವಲ್ಪ ಬೆರೆಸುತ್ತ ಬಂದರೆ ಗಡಸು ತಗ್ಗಿ ಗಿಡ ಚೇತರಿಸಿಕೊಳ್ಳುತ್ತದೆ. ಒಂದೇ ದಿನ ಪೂರಾ ಬದಲಿಸಿದರೆ ಮೀನಿಗೆ ಆಘಾತ.

ಬೇರು ಇದೆಯೆಂದು ನೀರು ಬದಲಿಸುವುದನ್ನು ಬಿಡಬಾರದು. ವಾರಕ್ಕೊಮ್ಮೆ ಕಾಲುಭಾಗ, ಅಂದರೆ ಹೆಚ್ಚು ಕಡಿಮೆ ಒಂದು ಕೊಡ. ಬೇರು ತೊಟ್ಟಿಯ ತುಂಬ ಹಬ್ಬಿ, ಮೀನು ಕಡಿಮೆ ಇದ್ದರೆ ಎರಡು ವಾರಕ್ಕೊಮ್ಮೆ ಸಾಕಾಗುತ್ತದೆ. ಆರಿಹೋದಷ್ಟು ನೀರು ತುಂಬುವುದು ನೀರು ಬದಲಿಸಿದಂತೆ ಆಗುವುದಿಲ್ಲ. ಆರುವುದು ನೀರು ಮಾತ್ರ, ಸುಣ್ಣವೆಲ್ಲ ಒಳಗೇ ಉಳಿದು ಗಟ್ಟಿಯಾಗುತ್ತ ಹೋಗುತ್ತದೆ. ತೆಗೆದ ನೀರನ್ನು ಬಚ್ಚಲಿಗೆ ಚೆಲ್ಲಬೇಡಿ. ಕರಿಬೇವು, ತುಳಸಿ, ಬದನೆ, ಮೆಣಸಿನ ಗಿಡಕ್ಕೆ ಅದಕ್ಕಿಂತ ಒಳ್ಳೆಯ ನೀರು ಬೇರೆ ಇಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಟ್ಯಾಂಕರಿನ ಹಿಂದೆ ಕೊಡ ಹಿಡಿದು ಓಡುವ ಊರುಗಳು ನಮ್ಮವು, ಅಂಥಲ್ಲಿ ಮೀನು ಸಾಕುವುದು ಸರಿಯೇ ಎಂದು ಕೇಳುವವರಿದ್ದಾರೆ. ಅದು ನ್ಯಾಯವಾದ ಪ್ರಶ್ನೆ. ಒಂದೇ ಕೊಡ ನೀರು ಮೊದಲು ಮೀನಿಗೆ, ಆಮೇಲೆ ಕೈತೋಟಕ್ಕೆ ಆಗುವಂತಿದ್ದರೆ ಸಾಕಿ. ಕೈತೋಟವೂ ಇಲ್ಲ, ನೀರಿಗೂ ತತ್ವಾರ ಎಂದರೆ ಬೇಡ.

ಆಹಾರ ಎರಡು ಹೊತ್ತು, ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟು. ಅನ್ನದ ಅಗಳು, ರೊಟ್ಟಿಯ ಚೂರು, ಬಿಸ್ಕತ್ತು ಬೇಡವೇ ಬೇಡ.

ರೈತರ ಮನೆಗಳಿಗೆ ಒಂದು ಎಚ್ಚರಿಕೆ ಹೇಳಲೇಬೇಕು. ತೊಗರಿಗೆ, ಸೋಯಾಕ್ಕೆ ಔಷಧ ಹೊಡೆದು ಬಂದ ಕೈಯನ್ನು ಸಾಬೂನಿನಲ್ಲಿ ತೊಳೆದು, ಮತ್ತೆ ಬರೀ ನೀರಿನಲ್ಲಿ ಚೆನ್ನಾಗಿ ತೊಳೆಯದೆ ತೊಟ್ಟಿಗೆ ಹಾಕಬೇಡಿ. ಔಷಧ ಕಲಸಿದ ಬಕೆಟು, ಔಷಧದ ಖಾಲಿ ಡಬ್ಬಿ ಎಷ್ಟು ತೊಳೆದರೂ ಮೀನಿನ ನೀರಿಗೆ ಬರಬಾರದು. ಸೊಳ್ಳೆ ಬತ್ತಿ, ಸೊಳ್ಳೆಗೆ ಹಚ್ಚಿಡುವ ದ್ರವದ ಯಂತ್ರ, ಜಿರಲೆಗೆ ಹೊಡೆಯುವ ಸ್ಪ್ರೇ, ಇವುಗಳಲ್ಲಿ ಸಾಮಾನ್ಯವಾಗಿ ಪೈರೆಥ್ರಾಯ್ಡ್ ಜಾತಿಯ ವಿಷವಿರುತ್ತದೆ. ಮನುಷ್ಯರಿಗೆ ಕಡಿಮೆ ಅಪಾಯದ ಇದು ಮೀನಿಗೆ ಬಹಳ ಕಡಿಮೆ ಪ್ರಮಾಣದಲ್ಲೇ ಮಾರಕ. ತೊಟ್ಟಿ ಇರುವ ಕೋಣೆಯಲ್ಲಿ ಇವನ್ನು ಬಳಸಬೇಡಿ. ಮುಚ್ಚಿದ ಕೋಣೆಯಲ್ಲಿ ತೊಟ್ಟಿಗೆ ಜೋಡಿಸಿದ ಗಾಳಿಪಂಪು ಓಡುತ್ತಿದ್ದರೆ ಆ ಹೊಗೆಯನ್ನೇ ಎಳೆದು ನೀರಿಗೆ ಊದುತ್ತದೆ. ಆ ಕೋಣೆಗೆ ಕಿಟಕಿಯ ಜಾಳಿ ಹಾಕಿಸಿ, ಸೊಳ್ಳೆ ಪರದೆ ಕಟ್ಟಿ ಮಲಗಿ.

ಗಪ್ಪಿ ಮರಿ ಹಾಕುತ್ತಲೇ ಇರುತ್ತದೆ. ಆರು ತಿಂಗಳಲ್ಲಿ ತೊಟ್ಟಿ ತುಂಬಿ, ಏನು ಮಾಡುವುದು ಎಂಬ ಚಿಂತೆ ಬರುತ್ತದೆ. ನೆರೆಹೊರೆಗೆ ಕೊಡಿ, ಮನೆಯ ಸಿಮೆಂಟ್ ತೊಟ್ಟಿಗೆ ಬಿಡಿ. ಮಾಂಜ್ರಾ ಹೊಳೆಗೆ, ಕಾರಂಜಾ ಜಲಾಶಯಕ್ಕೆ, ಊರ ಕೆರೆಗೆ ಮಾತ್ರ ಯಾವ ಅಲಂಕಾರಿಕ ಮೀನನ್ನೂ ಬಿಡಬೇಡಿ. ಗಾಜು ಸ್ವಚ್ಛ ಮಾಡುತ್ತದೆಂದು ಮಾರುವ ಸಕ್ಕರ್ ಮೀನು ಹೀಗೆ ಯಾರೋ ಬಿಟ್ಟಿದ್ದರಿಂದ ನೆರೆಯ ತೆಲಂಗಾಣ, ಆಂಧ್ರದ ಕೆರೆಗಳಿಗೆ ಸೇರಿ, ಮೀನುಗಾರರ ಬಲೆ ಹರಿಯುತ್ತ, ತಿನ್ನುವ ಮೀನಿನ ಜಾಗ ಕಬಳಿಸುತ್ತ ಕುಳಿತಿದೆ. ನೇರಳೆ ಹೂವಿನ ಚೆಲುವಿಗೆಂದು ಹತ್ತೊಂಬತ್ತನೆಯ ಶತಮಾನದ ಕೊನೆಗೆ ಬಂಗಾಳಕ್ಕೆ ತಂದ ಜಲಕುಂಭಿ ಇಂದು ದೇಶದ ಎಷ್ಟು ಕೆರೆಗಳನ್ನು ಮುಚ್ಚಿದೆ ಎಂಬುದನ್ನು ನೀವೇ ಕಂಡಿದ್ದೀರಿ. ಆ ಗಿಡ ತೊಟ್ಟಿಗೂ ಬೇಡ.

ಇದರಿಂದ ನಾಲ್ಕು ಕಾಸು ಗಳಿಸಬಹುದೇ ಎಂದು ಹೆಣ್ಣುಮಕ್ಕಳ ಸ್ವಸಹಾಯ ಸಂಘದವರು ಕೇಳುವುದುಂಟು. 2020ರಲ್ಲಿ ಬಂದ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ಹಿತ್ತಲ ಅಲಂಕಾರಿಕ ಮೀನು ಸಾಕಣೆಗೆ ಸಾಮಾನ್ಯ ವರ್ಗದವರಿಗೆ ಶೇಕಡಾ 40, ಮಹಿಳೆಯರಿಗೆ ಮತ್ತು ಪರಿಶಿಷ್ಟ ಜಾತಿ, ಪಂಗಡದವರಿಗೆ ಶೇಕಡಾ 60 ಸಹಾಯಧನ ಇಡಲಾಗಿತ್ತು. ಈಗ ಏನು ಲಭ್ಯವಿದೆ ಎಂಬುದನ್ನು ಮೀನುಗಾರಿಕೆ ಇಲಾಖೆಯ ಕಚೇರಿಯಲ್ಲಿ ಕೇಳಿ ತಿಳಿದುಕೊಳ್ಳಿ. ಹೆಸರಿನಲ್ಲೇ ಮೀನುಗಾರಿಕೆ ಇರುವ ವಿಶ್ವವಿದ್ಯಾಲಯ ನಮ್ಮ ಬೀದರಿನ ನಂದಿನಗರದಲ್ಲೇ ಇದೆ, ಅಲ್ಲಿಯೂ ವಿಚಾರಿಸಬಹುದು. ಅದರ ಮೀನುಗಾರಿಕೆ ಕಾಲೇಜು 1969ರಿಂದ ಮಂಗಳೂರಿನಲ್ಲಿ ನಡೆಯುತ್ತಿದೆ. ಸಾಲ ಮಾಡುವ ಮೊದಲು ಒಂದು ವರ್ಷ ಒಂದು ತೊಟ್ಟಿಯ ಗಪ್ಪಿಯನ್ನು ಬೇಸಿಗೆ, ಚಳಿ ಎರಡನ್ನೂ ದಾಟಿಸಿ ನೋಡಿ ಎಂಬುದು ನನ್ನ ಸಲಹೆ. ಕೊಳ್ಳುವವರು ಯಾರು ಎಂಬುದನ್ನೂ ಮೊದಲೇ ನೋಡಿಕೊಳ್ಳಬೇಕು.

ಕೊನೆಯದಾಗಿ ಔರಾದ, ಕಮಲನಗರ, ಭಾಲ್ಕಿ ತಾಲ್ಲೂಕುಗಳ ಶಾಲೆಯ ಗುರುಗಳಲ್ಲಿ ನನ್ನದೊಂದು ಮನವಿ. ಸಾರಜನಕದ ಚಕ್ರ ಎಂಬ ಪಾಠವನ್ನು ನೀವು ಹಲಗೆಯ ಮೇಲೆ ಬಾಣದ ಗುರುತು ಎಳೆದು ಕಲಿಸುತ್ತೀರಿ. ಅದೇ ಚಕ್ರವನ್ನು ಒಂದು ತೊಟ್ಟಿಯಲ್ಲಿ ಮಕ್ಕಳ ಕಣ್ಣ ಮುಂದೆ ನಡೆಸಿ ತೋರಿಸಬಹುದು. ಮಳೆಗಾಲದ ಉತ್ತರಾರ್ಧ, ಆಗಸ್ಟ್, ಸೆಪ್ಟೆಂಬರ್, ತೊಟ್ಟಿ ಆರಂಭಿಸಲು ಒಳ್ಳೆಯ ಕಾಲ, ಬಿಸಿಯೂ ಇಲ್ಲ, ಚಳಿಯೂ ಇಲ್ಲ. ಶಾಲೆಯ ಪಡಸಾಲೆಯ ನೆರಳಿನಲ್ಲಿ ಒಂದು ತೊಟ್ಟಿ ಇಡಿ. ಅದರಲ್ಲಿ ಬೇರು ಬಿಟ್ಟ ಮನಿಪ್ಲಾಂಟು, ನಾಲ್ಕೈದು ಗಪ್ಪಿ. ದಿನವೂ ಒಂದು ಮಗು ನೀರಿನ ಉಷ್ಣತೆ ನೋಡಿ ವಹಿಯಲ್ಲಿ ಬರೆಯಲಿ, ಇನ್ನೊಂದು ಮಗು ಬೇರಿನ ಉದ್ದ ಅಳೆಯಲಿ. ಬೇಸಿಗೆಯ ರಜೆಯಲ್ಲಿ ತೊಟ್ಟಿಯನ್ನು ಯಾರ ಮನೆಗೆ ಒಯ್ಯುವುದು ಎಂಬುದನ್ನು ಮಾತ್ರ ಮೀನು ತರುವ ಮೊದಲೇ ಮಕ್ಕಳೊಂದಿಗೆ ಕುಳಿತು ತೀರ್ಮಾನಿಸಿ.